ಐದೂವರೆ ಗಂಟೆ ಹಿಂದೆ

ಮಾರ್ಚ್ 17, ಮಂಗಳವಾರ

ಒಳಗಿರುವುದಕ್ಕೆ ಏನೂ ಆಗುವುದಿಲ್ಲ ಎಂದನೇ, ಒಳಗಿರುವುದನ್ನು ಮುಟ್ಟುವುದೇ ಇಲ್ಲ ಎಂದನೇ? ಸಿರಾಜ್ ಹೇಳಿದ್ದು ಎರಡರಲ್ಲಿ ಯಾವುದು ಎಂಬುದು ಬಸ್ಸು ಉದ್ಯಾವರ ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು. ಎರಡೂ ಒಂದೇ ಅಲ್ಲ.

ಕಾಪುವಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಿರಾಜ್‌ನ ಅಂಗಡಿಗೆ ನನ್ನನ್ನು ಕಳಿಸಿದ್ದು ಗಂಡ ಲಿಯೋನೆಲ್. ಲ್ಯಾಪ್‌ಟಾಪಿನಲ್ಲಿರುವ ಹಳೆಯ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಇಲ್ಲ ಎಂದು ಕಂಪನಿಯವರೇ ಹೇಳಿ ಕೆಲವು ತಿಂಗಳಾಯಿತಂತೆ. ರಕ್ಷಣೆ ಇಲ್ಲದ ವಸ್ತು ಮನೆಯಲ್ಲಿದೆ ಎಂಬುದು ಅವನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ.

"ಹೊಸತು ಇದರಲ್ಲಿ ಕೂರುದಿಲ್ಲ ಡೈನಾಕ್ಕ, ಇದಕ್ಕೆ ವಯಸ್ಸಾಯ್ತು" ಎಂದ ಸಿರಾಜ್. "ಆದ್ರೆ ಬಿಸಾಡುದು ಎಂತಕ್ಕೆ? ಲಿನಕ್ಸ್ ಹಾಕಿ."

"ಅದೆಂತದು?"

"ವಿಂಡೋಸಿನ ಹಾಗೇ ಇನ್ನೊಂದು. ಇದು ಯಾರದ್ದೂ ಅಲ್ಲ, ಎಲ್ಲರದ್ದೂ. ಬೇಕಾದವರು ತಕೊಳ್ಳಬಹುದು, ಬಿಚ್ಚಿ ನೋಡಬಹುದು, ಬೇಕಾದ ಹಾಗೆ ಬದಲಿಸಬಹುದು."

"ಹಾಳಾದರೆ ಯಾರನ್ನು ಕೇಳುವುದು?"

"ನನ್ನನ್ನು ಕೇಳುದು. ಮತ್ತೆ ಯಾರು, ಅಮೆರಿಕದವರು ಬರ್ತಾರಾ?"

ಪೆನ್‌ಡ್ರೈವ್ ಒಂದನ್ನು ಕೈಯಲ್ಲಿಟ್ಟ. ಮೊದಲು ಇದರಿಂದಲೇ ಓಡಿಸಿ ನೋಡಬಹುದು, ಲ್ಯಾಪ್‌ಟಾಪಿನೊಳಗೆ ಹಾಕಬೇಕೆಂದಿಲ್ಲ, ಪೆನ್‌ಡ್ರೈವ್ ತೆಗೆದರೆ ಎಲ್ಲ ಮೊದಲಿನ ಹಾಗೆ. ಆಮೇಲೆ ಆ ಮಾತು ಹೇಳಿದ, ನಾನು ಮರೆತದ್ದು.

ಲಿಯೋನೆಲ್ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ನೋಡಿದ. "ಯಾರು ಮಾಡಿದ್ದು ಅಂತ ಗೊತ್ತಿಲ್ಲದ್ದನ್ನು ನಾವು ಒಳಗೆ ಬಿಡುವುದಿಲ್ಲ ಡೈನಾ. ಮುಂದಿನ ಸಲ ಹೋದಾಗ ವಾಪಸು ಕೊಡು."

ಸರಿಯೇ. ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಅವನ ಕೈಕೆಳಗಿನ ನಾನೂರು ಜನ ಹತ್ತು ಬೆರಳುಗಳ ಜೊತೆ ಊರಿಗೆ ಹೋದರು ಎಂದು ಹೇಳುವಾಗ ಅವನ ಮುಖ ನೋಡಬೇಕು. ಹೋದ ವರ್ಷ ಕರೆಂಟು ಬಿಲ್ಲಿನದ್ದೆಂದು ನಾನೊಂದು ಸುಳ್ಳು ಸಂದೇಶ ಒತ್ತಿ ಲ್ಯಾಪ್‌ಟಾಪಿಗೆ ವೈರಸ್ ಬಂತು. ಅಂದಿನಿಂದ ಅದರ ಪಾಸ್‌ವರ್ಡ್ ಅವನ ಬಳಿ. ಫೋನಿನಲ್ಲಿದ್ದ ಈಮೇಲನ್ನೂ ತೆಗೆದ. ನನಗೆ ಬೇಕಾದಾಗ ತೆರೆದುಕೊಟ್ಟು ಪಕ್ಕದಲ್ಲಿ ಕೂರುತ್ತಾನೆ. ಆಗಬಹುದು ಎಂದು ನಾನೂ ಒಪ್ಪಿದ್ದೇನೆ.

ಕಾರ್ಕಳದ ಶಾಲೆಯಿಂದ ಉತ್ತರ ಬಂದಿಲ್ಲವಂತೆ. ಲೈಬ್ರರಿಯನ್ ಹುದ್ದೆ, ಜೂನ್ ಒಂದರಿಂದ. ಅರ್ಜಿಯನ್ನು ಫೆಬ್ರವರಿಯಲ್ಲಿ ನಾವಿಬ್ಬರೂ ಕೂತೇ ಕಳಿಸಿದ್ದು.

ಮಾರ್ಚ್ 19, ಗುರುವಾರ

ಆರು ಗಂಟೆಗೆ ಲಿಯೋನೆಲ್ ಕಡಲ ಕರೆಗೆ ನಡೆಯಲು ಹೋಗುತ್ತಾನೆ. ಏಳೂವರೆಗೆ ಮೀನು ಹಿಡಿದುಕೊಂಡು ಬರುತ್ತಾನೆ. ಆ ಒಂದೂವರೆ ಗಂಟೆ ನಾನು ಸಾಧಾರಣವಾಗಿ ಏನು ಮಾಡುತ್ತೇನೆಂದು ಯಾರಾದರೂ ಕೇಳಿದರೆ ಹೇಳಲಾರೆ.

ಇವತ್ತು ಪೆನ್‌ಡ್ರೈವ್ ಸಿಕ್ಕಿಸಿ, ಸಿರಾಜ್ ಹೇಳಿಕೊಟ್ಟ ಕೀಲಿ ಒತ್ತಿ ಹಿಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ಹಾಳು ಮಾಡಿದೆ ಅಂದುಕೊಂಡೆ. ಆಮೇಲೆ ಒಂದು ಬೆಟ್ಟದ ಚಿತ್ರ, ಕೆಳಗೆ ಪಟ್ಟಿ, ಮೂಲೆಯಲ್ಲಿ ಗಡಿಯಾರ. ಪಾಸ್‌ವರ್ಡ್ ಕೇಳಲಿಲ್ಲ. ನೀನು ಯಾರು ಎಂದೂ ಕೇಳಲಿಲ್ಲ.

ಭಾಷೆಯ ಪಟ್ಟಿಯಲ್ಲಿ ಕನ್ನಡ ಇತ್ತು. ಒತ್ತಿದರೆ ಅರ್ಧ ಮನೆ ಕನ್ನಡವಾಯಿತು, ಅರ್ಧ ಇಂಗ್ಲಿಷಿನಲ್ಲೇ ಉಳಿಯಿತು. ಕಡತ, ಕಸದ ಬುಟ್ಟಿ, ಅಳಿಸು. ಯಾರೋ ಎಲ್ಲೋ ಕೂತು, ಯಾರೂ ಹೇಳದೆ, ಒಂದೊಂದೇ ಶಬ್ದ ಹಾಕುತ್ತಾ ಬಂದು ನಡುವೆ ಎದ್ದು ಹೋದಂತಿತ್ತು. ಅನ್ನಕ್ಕೆ ಇಟ್ಟಿದ್ದರೋ ಏನೋ.

ಪರದೆಯ ಮೇಲೆ ಒಂದು ಚಿಹ್ನೆ ಸದಾ ಇರುತ್ತದೆ: ಸ್ಥಾಪಿಸಿ. ಅದನ್ನು ಮುಟ್ಟಲಿಲ್ಲ.

ಪೆನ್‌ಡ್ರೈವ್ ಪುನರ್ಪುಳಿ ಸಿಪ್ಪೆಯ ಭರಣಿಯಲ್ಲಿದೆ. ವಾಪಸು ಕೊಡಲು ಕಾಪುವಿಗೆ ಹೋಗುವ ಕೆಲಸ ಸದ್ಯಕ್ಕೆ ಇಲ್ಲ.

ಮಾರ್ಚ್ 24, ಮಂಗಳವಾರ

ನಿನ್ನೆ ಅಷ್ಟು ಹೊತ್ತು ಸರಿಮಾಡಿದ್ದು ಇವತ್ತು ಒಂದೂ ಇಲ್ಲ. ಅಕ್ಷರ ದೊಡ್ಡದು ಮಾಡಿದ್ದು, ಕನ್ನಡ ಕೀಲಿಗಳನ್ನು ಸೇರಿಸಿದ್ದು, ಟೈಪು ಮಾಡಿಟ್ಟ ಎರಡು ಪುಟ. ಮುಚ್ಚಿದೊಡನೆ ಎಲ್ಲ ಮರೆಯುತ್ತದೆ. ಒಳಗೆ ಸ್ಥಾಪಿಸುವವರೆಗೆ ಅದಕ್ಕೆ ನೆನಪೇ ಇರುವುದಿಲ್ಲವಂತೆ; ಸಿರಾಜ್‌ಗೆ ಫೋನು ಮಾಡಿ ಕೇಳಿದೆ.

"ಇನ್‌ಸ್ಟಾಲ್ ಮಾಡಿಬಿಡಿ ಅಕ್ಕ, ಎಷ್ಟು ದಿನ ಅಂತ ಜಗಲಿಯಲ್ಲಿ ಕೂರುದು?"

"ಲಿಯೋನೆಲ್ ನೋಡುತ್ತಾರೆ" ಎಂದೆ. ನೋಡುತ್ತಾರೆ ಎಂದರೆ ಏನರ್ಥದಲ್ಲಿ ಹೇಳಿದೆನೋ, ಅವನು ಅದನ್ನು ಹೇಗೆ ಕೇಳಿಸಿಕೊಂಡನೋ.

ದಿನಾ ಬೆಳಿಗ್ಗೆ ಕನ್ನಡವನ್ನು ಮತ್ತೆ ಸೇರಿಸಬೇಕು. ಅದಕ್ಕೆ ನಾಲ್ಕು ನಿಮಿಷ. ಇವತ್ತು ಕಾರ್ಕಳದ ಹೆಡ್‌ಮಿಸ್ಟ್ರೆಸ್‌ಗೆ ಒಂದು ಪತ್ರ ಟೈಪು ಮಾಡಿದೆ. ನಾನು ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ಹನ್ನೊಂದು ವರ್ಷ ಇದ್ದವಳು, ಎರಡು ವರ್ಷದ ಹಿಂದೆ ಗಂಡ ಊರಿಗೆ ಬಂದಾಗ ಬಿಟ್ಟವಳು, ಅರ್ಜಿ ಏನಾಯಿತೆಂದು ತಿಳಿಯಬಯಸುತ್ತೇನೆ, ಹೀಗೆ. ಕಳಿಸಲಿಕ್ಕೆಂದು ಅಲ್ಲ. ಕೈ ಹೇಗೆ ಓಡುತ್ತದೆ ನೋಡಲಿಕ್ಕೆ. ಮುಚ್ಚಿದಾಗ ಅದೂ ಹೋಯಿತು.

ಏಪ್ರಿಲ್ 2, ಗುರುವಾರ

ಇಗರ್ಜಿಯಲ್ಲಿ ಪಾದ ತೊಳೆಯುವ ವಿಧಿ. ಬಕೀಟಿನ ನೀರು ಚೆಲ್ಲಿ ನೆಲ ಜಾರುತ್ತಿತ್ತೆಂದು ಲಿಯೋನೆಲ್ ವಿಧಿಯ ನಡುವೆಯೇ ಎದ್ದು ಹೋಗಿ ಗೋಣಿ ತಂದು ಹಾಸಿದ. ಪಾದ್ರಿಗಳು ನಕ್ಕರು. ನಾನೂ ನಕ್ಕೆ. ಯಾರೂ ಬೀಳಲಿಲ್ಲ.

ಪತ್ರ ಬರೆದೆ. ಅಳಿಯಿತು.

ಏಪ್ರಿಲ್ 11, ಶನಿವಾರ

ಇವತ್ತು ಇಂಟರ್‌ನೆಟ್ಟಿಗೆ ಸೇರಿಸಿದೆ. ಮನೆಯ ವೈಫೈಯಲ್ಲಿ ಎರಡು ಹೆಸರು ಕಾಣುತ್ತವೆ, ಒಂದು ನಮಗೆ, ಇನ್ನೊಂದು ಬಂದುಹೋಗುವವರಿಗೆ. ಎರಡನೆಯದರ ಪಾಸ್‌ವರ್ಡ್ ನನಗೆ ಗೊತ್ತು, ನೆಂಟರಿಗೆ ಹೇಳುವವಳು ನಾನೇ ಆದ್ದರಿಂದ.

ಉಡುಪಿಯಿಂದ ಕಾರ್ಕಳಕ್ಕೆ ಬಸ್ಸುಗಳ ವೇಳೆ ನೋಡಿದೆ. ಶಾಲೆಯ ಚಿತ್ರ ನೋಡಿದೆ, ಒಂದು ನೇರಳೆ ಮರ ಇದೆ. ಈಮೇಲ್ ತೆರೆಯಲಿಲ್ಲ. ಬಂದಿದ್ದರೆ ಲಿಯೋನೆಲ್ ಹೇಳುತ್ತಿದ್ದ.

ಗಡಿಯಾರ ಬೆಳಿಗ್ಗೆ ಆರೂ ಹತ್ತಕ್ಕೆ ಹನ್ನೆರಡೂ ನಲವತ್ತು ತೋರಿಸುತ್ತದೆ. ಎಲ್ಲೋ ಒಂದು ಕಡೆ ಅಷ್ಟೇ ಆಗಿರಬಹುದು.

ಏಪ್ರಿಲ್ 13, ಸೋಮವಾರ

ಲ್ಯಾಪ್‌ಟಾಪಿನ ಗಡಿಯಾರ ಕೆಟ್ಟಿದೆ ಎಂದು ಲಿಯೋನೆಲ್. ಶನಿವಾರ ಐದೂವರೆ ಗಂಟೆ ಹಿಂದೆ ಇತ್ತು, ಸರಿ ಮಾಡಿದ. ಇವತ್ತು ಪುನಃ ಅಷ್ಟೇ ಹಿಂದೆ. ಅವನು ಒಂದು ಪುಸ್ತಕ ತೆಗೆದು ಗೆರೆ ಎಳೆದು ತಾರೀಕು, ವೇಳೆ, ವ್ಯತ್ಯಾಸ ಎಂದು ಬರೆದುಕೊಂಡ.

"ಸಣ್ಣದರಿಂದಲೇ ಶುರುವಾಗುವುದು. ಪೈಪಿನಲ್ಲಿ ಮೊದಲು ಬೆವರು ಬರುತ್ತದೆ. ಬೆವರು ಅಂತ ಬಿಟ್ಟರೆ ಮುಗಿಯಿತು."

ನಾನು ಬಂಗುಡೆ ತೊಳೆಯುತ್ತಿದ್ದೆ. ಕಾರಣ ಗೊತ್ತಿತ್ತೇ? ಗೊತ್ತಿರಲಿಲ್ಲ. ಊಹಿಸಲಿಲ್ಲ ಎನ್ನುವಂತಿಲ್ಲ.

ಏಪ್ರಿಲ್ 28, ಮಂಗಳವಾರ

ಈಮೇಲ್ ತೆರೆದೆ. ಫೋನಿಗೆ ಒಂದು ಸಂಖ್ಯೆ ಬಂತು, ಹಾಕಿದೆ, ತೆರೆಯಿತು. ಇಷ್ಟು ಸುಲಭವಿತ್ತು. ಫೋನಿನಲ್ಲೇ ನೋಡಬಹುದಿತ್ತು, ಯಾರೂ ಕೈ ಹಿಡಿದಿರಲಿಲ್ಲ.

ಏಪ್ರಿಲ್ 9ಕ್ಕೆ ಕಾರ್ಕಳದಿಂದ ಬಂದದ್ದು: ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಇಪ್ಪತ್ತರೊಳಗೆ ಒಪ್ಪಿಗೆ ತಿಳಿಸಿ, ಮೂಲ ಪ್ರಮಾಣಪತ್ರಗಳನ್ನು ತೋರಿಸಿ.

ಏಪ್ರಿಲ್ 10ಕ್ಕೆ, ಸಂಜೆ ಏಳೂ ನಲವತ್ತೆರಡಕ್ಕೆ, ನನ್ನಿಂದ ಹೋದದ್ದು: ಕೌಟುಂಬಿಕ ಕಾರಣಗಳಿಂದ ಈ ಹುದ್ದೆಯನ್ನು ಸ್ವೀಕರಿಸಲು ನನಗೆ ಸಾಧ್ಯವಾಗುತ್ತಿಲ್ಲ, ಆದ ತೊಂದರೆಗೆ ವಿಷಾದಿಸುತ್ತೇನೆ. ಇಂಗ್ಲಿಷಿನಲ್ಲಿ. ಕೆಳಗೆ ನನ್ನ ಹೆಸರು.

ಒಳ್ಳೆಯ ಪತ್ರ. ಒಂದು ಅಲ್ಪವಿರಾಮ ಹೆಚ್ಚಾಗಿದೆ, ಅಷ್ಟೇ. ಏಪ್ರಿಲ್ ಹತ್ತರ ಸಂಜೆ ನಾನು ಏನು ಮಾಡುತ್ತಿದ್ದೆ ಎಂದು ಈ ಪುಸ್ತಕದ ಹಿಂದಿನ ಪುಟ ತಿರುಗಿಸಿದೆ. ಆ ದಿನ ಬರೆದಿರಲಿಲ್ಲ.

ಏಳೂ ಇಪ್ಪತ್ತಕ್ಕೆ ಮುಚ್ಚಿದೆ. ಏಳೂವರೆಗೆ ಬಂದ. ಬೂತಾಯಿ ಮೀನು ತಂದಿದ್ದ.

ಏಪ್ರಿಲ್ 29, ಬುಧವಾರ

ಏನೂ ಇಲ್ಲ.

ಮೇ 2, ಶನಿವಾರ

ಪೆನ್‌ಡ್ರೈವಿನ ಮನೆಯಲ್ಲಿ ಒಂದು ಬಾಗಿಲು ಇತ್ತು, ಇಷ್ಟು ದಿನ ನೋಡಿರಲಿಲ್ಲ. ಪಕ್ಕದ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಡಿಸ್ಕಿನ ಹೆಸರು. ಒತ್ತಿದೆ. ತೆರೆಯಿತು. ಅವನ ಪಾಸ್‌ವರ್ಡ್ ಎದುರಿನ ಬಾಗಿಲಿಗೆ ಮಾತ್ರ. ಹಿತ್ತಲಿನಿಂದ ಬಂದರೆ ಗೋಡೆಯೇ ಇಲ್ಲ. ಒಳಗಿರುವುದನ್ನು ಅದು ಮುಟ್ಟುವುದಿಲ್ಲ, ಮುಟ್ಟುವವಳು ನಾನು.

ಮನೆ, ಗ್ಯಾಸು, ಬಾವಿ, ಡೈನಾ. ಒಂದೊಂದಕ್ಕೂ ಒಂದು ಫೋಲ್ಡರು. ನನ್ನದರಲ್ಲಿ ರಕ್ತಪರೀಕ್ಷೆಗಳು, ಕನ್ನಡಕದ ಚೀಟಿ, ನನಗೆ ಆಗದ ಮಾತ್ರೆಗಳ ಪಟ್ಟಿ, ಬಹಳ ಜಾಗ್ರತೆಯಿಂದ. ಆಮೇಲೆ ಕಾರ್ಕಳ ಎಂಬ ಒಂದು ಕಡತ.

ಅವನು ಕೆಲಸದಲ್ಲಿ ಮಾಡುತ್ತಿದ್ದ ಅಪಾಯದ ಲೆಕ್ಕಾಚಾರದ ಹಾಳೆ ಅದು. ಒಂದು ಕ್ರೇನು ಎತ್ತುವ ಮೊದಲು ಅದನ್ನು ತುಂಬಬೇಕು. ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು, ಎರಡನ್ನೂ ಗುಣಿಸಿದರೆ ಬಣ್ಣ ಬರುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನ ವೇಗ, ಕೆಂಪು. ಹಿರಿಯಡ್ಕ ದಾಟಿದ ಮೇಲಿನ ತಿರುವುಗಳು, ಕೆಂಪು. ಮಳೆಗಾಲ, ಕೆಂಪು. ಶಾಲೆಯ ಹತ್ತಿರದ ನಾಯಿಗಳು, ಹಳದಿ. ನಾಯಿಗಳಿವೆಯೆಂದು ಹೇಗೆ ಗೊತ್ತಾಯಿತು? ಹೋಗಿ ನೋಡಿ ಬಂದಿದ್ದಾನೆ. ಮಾರ್ಚಿನಲ್ಲಿ ಒಂದು ದಿನ ಕಾರ್ಕಳದಲ್ಲಿ ಮದುವೆ ಇದೆಯೆಂದು ಒಬ್ಬನೇ ಹೋಗಿದ್ದ.

ತಯಾರಿಸಿದವರು ಲಿಯೋನೆಲ್. ಒಪ್ಪಿಗೆ ಕೊಟ್ಟವರು ಲಿಯೋನೆಲ್. ಏಪ್ರಿಲ್ 9. ಮನೆಯಲ್ಲೇ ಉಳಿದರೆ ಎಂಬ ಸಾಲು ಅದರಲ್ಲಿ ಇರಲಿಲ್ಲ.

ಮೇ 6, ಬುಧವಾರ

ಕಾವಲಿ ತಾಗಿ ಮಣಿಗಂಟು ಸುಟ್ಟಿತು. ಲಿಯೋನೆಲ್ ಕೈಯನ್ನು ನಳ್ಳಿಯ ಕೆಳಗೆ ಹಿಡಿದು ಗಡಿಯಾರ ನೋಡಿದ, ಪೂರ್ತಿ ಇಪ್ಪತ್ತು ನಿಮಿಷ. ತನ್ನ ಕೈಯೂ ಮರಗಟ್ಟಿದ್ದನ್ನು ಹೇಳಲಿಲ್ಲ. ಅವನು ಬ್ಯಾಂಡೇಜು ಸುತ್ತುವುದನ್ನು ನೋಡಬೇಕು. ಅಷ್ಟು ಹಗುರ ಕೈ ನಾನು ಬೇರೆ ಯಾರಲ್ಲೂ ಕಂಡಿಲ್ಲ.

"ಕಾರ್ಕಳದಿಂದ ಏನಾದರೂ ಬಂತಾ?" ಎಂದು ಕೇಳಿದೆ.

"ಇಲ್ಲ."

ಬಟ್ಟೆ ಬಿಗಿಯಲೂ ಇಲ್ಲ, ಸಡಿಲವೂ ಆಗಲಿಲ್ಲ. ಅದೇ ಹದದಲ್ಲಿ ಇನ್ನೊಂದು ಸುತ್ತು ಬಂತು.

"ಅವರಿಗೆ ಚಿಕ್ಕ ಪ್ರಾಯದವರು ಬೇಕೋ ಏನೋ. ನೋವುಂಟಾ?"

"ಇಲ್ಲ" ಎಂದೆ. ಆ ಮಟ್ಟಿಗೆ ಇಬ್ಬರದ್ದೂ ಒಂದೇ ಉತ್ತರ.

ಮೇ 13, ಬುಧವಾರ

ಗಡಿಯಾರದ ಪುಸ್ತಕದಲ್ಲಿ ಒಂದು ತಿಂಗಳು ತುಂಬಿತು. ಅವನು ಸ್ನಾನಕ್ಕೆ ಹೋದಾಗ ನೋಡಿದೆ. ನಾನು ಪೆನ್‌ಡ್ರೈವ್ ಹಾಕಿದ ಒಂದೊಂದು ಬೆಳಿಗ್ಗೆಯೂ ಅದರಲ್ಲಿದೆ, ಒಂದೂ ತಪ್ಪಿಲ್ಲ. ಹಾಕದ ದಿನಗಳ ಎದುರು ಸರಿ ಇದೆ ಎಂದು ಬರೆದಿದ್ದಾನೆ. ಇಷ್ಟು ನಿಖರವಾಗಿ ಈ ಪುಸ್ತಕದಲ್ಲಿ ನಾನೇ ಬರೆದಿಲ್ಲ.

ಒಳಗಿನ ಬಟನ್ ಬ್ಯಾಟರಿ ಬದಲಿಸಿದ್ದಾಯಿತು. ಪ್ರಯೋಜನವಾಗಲಿಲ್ಲ.

ಹುಡುಕುವುದು ನನ್ನನ್ನೇ ಎಂದು ಗೊತ್ತಿಲ್ಲದೆ ಒಬ್ಬ ಮನುಷ್ಯ ಇಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನೋಡುತ್ತಿರುವುದಕ್ಕೆ ಒಂದು ಹೆಸರಿರಬೇಕು. ಸುಖವಲ್ಲ. ಸುಖವೇ ಇರಬಹುದು.

ಮೇ 20, ಬುಧವಾರ

ಪತ್ರ ಬರೆದೆ. ಕಳಿಸಿದೆ. ಇವತ್ತು ಮಟ್ಟುಗುಳ್ಳದ ಸಾಂಬಾರು.

ಮೇ 23, ಶನಿವಾರ

ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಪುವಿಗೆ ಹೋದೆವು, ಈ ಸಲ ಇಬ್ಬರೂ. ಲಿಯೋನೆಲ್ ತನ್ನ ಪುಸ್ತಕ ಸಿರಾಜ್‌ನ ಮುಂದೆ ಇಟ್ಟ.

"ಎಂತದು ಲಿಯೋನೆಲಣ್ಣ, ಕಂಪ್ಯೂಟರಿಗೆ ಬಿಪಿ ಚಾರ್ಟಾ? ಉಪ್ಪು ಕಡಿಮೆ ಮಾಡ್ಲಿಕ್ಕೆ ಹೇಳ್ಬೇಕಾ?"

"ನಗಬೇಡ. ಪ್ಯಾಟರ್ನ್ ನೋಡು. ವ್ಯತ್ಯಾಸ ಯಾವಾಗಲೂ ಐದೂವರೆ ಗಂಟೆ. ಕೆಡುವುದು ಬೆಳಿಗ್ಗೆ ಮಾತ್ರ. ನಾನು ನಡೆಯಲು ಹೋದ ಮೇಲೆ."

ಸಿರಾಜ್ ಪುಟದ ಮೇಲೆ ಬೆರಳಿಟ್ಟು ಕೆಳಗೆ ಬಂದ. "ಐದೂವರೆ ಅಂದ್ರೆ ಬ್ಯಾಟರಿ ಅಲ್ಲ ಅಣ್ಣ. ಇದು ಲಿನಕ್ಸಿನ ಚಾಳಿ. ಅದು ಇಡೀ ಜಗತ್ತಿಗೆ ಒಂದು ಸಮಯ ಇಟ್ಕೊಳ್ತದೆ, ನಮ್ಮದರಿಂದ ಐದೂವರೆ ಹಿಂದೆ. ನೆಟ್ ಹಾಕಿ ಓಡಿಸಿದ್ರೆ ಒಳಗಿನ ಗಡಿಯಾರವನ್ನೂ ಹಾಗೇ ತಿರುಗಿಸಿ ಹೋಗ್ತದೆ. ಮತ್ತೆ ವಿಂಡೋಸಿಗೆ ತಲೆ ಬುಡ ಗೊತ್ತಾಗುದಿಲ್ಲ. ಡೈನಾಕ್ಕ, ನೀವು ಆ ಪೆನ್‌ಡ್ರೈವ್..."

ಅಲ್ಲಿಗೆ ನಿಲ್ಲಿಸಿದ. ನನ್ನ ಮುಖದಲ್ಲಿ ಏನಿತ್ತೋ. ಒಬ್ಬರು ಮೊಬೈಲಿನ ಕವರು ಕೇಳಲು ಬಂದರು. ಅವನು ಅಗತ್ಯಕ್ಕಿಂತ ಹೆಚ್ಚು ಕವರುಗಳನ್ನು ತೆಗೆದು ಹರಡಿದ.

ಕಾರಿನಲ್ಲಿ ಲಿಯೋನೆಲ್ ಸೀಟುಬೆಲ್ಟು ಹಾಕಿ, ನನ್ನದು ಸರಿ ಕೂತಿದೆಯೇ ಎಂದು ಎಳೆದು ನೋಡಿದ. ನಮ್ಮ ಓಣಿಗೆ ತಿರುಗುವಾಗ, ಹಿಂದೆ ಮುಂದೆ ಯಾರೂ ಇಲ್ಲದಿದ್ದರೂ, ಇಂಡಿಕೇಟರು ಹಾಕಿದ.

ಮೇ 24, ಭಾನುವಾರ

ಪೂಜೆಯಿಂದ ಬಂದ ಮೇಲೆ ಮೇಜಿನ ಮೇಲೆ ಒಂದು ಹಾಳೆ ಇತ್ತು. ನಿಯರ್ ಮಿಸ್ ರಿಪೋರ್ಟ್. ಅವನ ಕಂಪನಿಯದ್ದು, ಹೆಸರಿನ ಜಾಗವನ್ನು ಮಾತ್ರ ಅಳಿಸಿ ಪ್ರಿಂಟು ಹಾಕಿದ್ದಾನೆ. ಅಪಘಾತ ಆಗದಿದ್ದರೂ ಆಗಬಹುದಾಗಿತ್ತು ಎಂಬ ಘಟನೆಗಳಿಗೆ. ಮೇಲಿನಿಂದ ಸುತ್ತಿಗೆ ಬಿದ್ದು ಯಾರಿಗೂ ತಾಗದಿದ್ದರೆ, ಬೀಳಿಸಿದವನೇ ಬರೆಯಬೇಕು.

"ಇದರಲ್ಲಿ ಯಾರನ್ನೂ ಬೈಯುವುದಿಲ್ಲ, ಅದೇ ಇದರ ನಿಯಮ" ಎಂದ. "ಆದದ್ದನ್ನು ಆದ ಹಾಗೆ ಬರೆದರೆ ಸಾಕು. ಯಾವಾಗ ಬೇಕಾದರೂ ಬರಿ."

ಪೆನ್‌ಡ್ರೈವ್ ಕೇಳಲಿಲ್ಲ. ಸಿಟ್ಟು ಇದ್ದ ಹಾಗೆ ಕಾಣಲಿಲ್ಲ. ಸಿಟ್ಟು ಮಾಡಿದ್ದರೆ ಕೋಣೆಯಲ್ಲಿ ಸ್ವಲ್ಪ ಗಾಳಿ ಬರುತ್ತಿತ್ತು.

ಮೇ 27, ಬುಧವಾರ

ಎಂದಿನಂತೆ ಆರಕ್ಕೆ ಹೋದ. ಲ್ಯಾಪ್‌ಟಾಪನ್ನು ಮೇಜಿನ ಮೇಲೆಯೇ, ಕಣ್ಣಿಗೆ ಬೀಳುವಲ್ಲಿ ಬಿಟ್ಟು ಹೋದ. ಇದು ಪರೀಕ್ಷೆಯೋ, ಅನುಮತಿಯೋ. ಕನ್ನಡ ಸೇರಿಸಲಿಕ್ಕೆ ಹೋಗಲಿಲ್ಲ, ನೇರ ಈಮೇಲಿಗೆ ಹೋದೆ.

ಕಾರ್ಕಳದಿಂದ ಉತ್ತರ ಇದೆ. ನಿಮ್ಮ ನಂತರ ಆಯ್ಕೆಯಾದವರು ಮೊನ್ನೆ ಬರುವುದಿಲ್ಲವೆಂದು ತಿಳಿಸಿದ್ದಾರೆ. ನಿಮಗೆ ಈಗ ಸಾಧ್ಯವಿದ್ದರೆ ಜೂನ್ ಒಂದು, ಸೋಮವಾರ, ಹತ್ತು ಗಂಟೆಗೆ ಮೂಲ ಪ್ರಮಾಣಪತ್ರಗಳೊಂದಿಗೆ ಬನ್ನಿ. ಅಂದೇ ಸೇರಬೇಕು. ಆ ದಿನ ಬಾರದಿದ್ದರೆ ಬೇರೆಯವರನ್ನು ಕರೆಯುತ್ತೇವೆ.

ಬರುತ್ತೇನೆ ಎಂದು ಬರೆದೆ. ಪ್ರಮಾಣಪತ್ರಗಳು ಗೋದ್ರೇಜಿನಲ್ಲಿ, ಬೀಗದ ಕೈ ಲಿಯೋನೆಲ್‌ನ ಗೊಂಚಲಿನಲ್ಲಿ. ಬೆಂಕಿ ತಾಗದ ಚೀಲವೊಂದರಲ್ಲಿ ಇಟ್ಟಿದ್ದಾನೆ. ಸಾವಿರ ಡಿಗ್ರಿವರೆಗೆ ಏನೂ ಆಗುವುದಿಲ್ಲವಂತೆ.

ಮೇ 29, ಶುಕ್ರವಾರ

ರಿಪೋರ್ಟ್ ಬರೆದೆ. ಹಾಳೆ ಇಂಗ್ಲಿಷಿನದ್ದು, ನಾನು ಕನ್ನಡದಲ್ಲಿ ತುಂಬಿದೆ.

ಏನಾಯಿತು ಎಂಬಲ್ಲಿ: ಗಡಿಯಾರ ಐದೂವರೆ ಗಂಟೆ ಹಿಂದೆ ಹೋಯಿತು. ಏನಾಗಬಹುದಿತ್ತು ಎಂಬಲ್ಲಿ: ನಾನು ಏಪ್ರಿಲ್‌ನಲ್ಲೇ ಕಾರ್ಕಳಕ್ಕೆ ಹೋಗಬಹುದಿತ್ತು.

ಆಮೇಲೆ ಏಕೆ ಎಂದು ಐದು ಸಲ ಕೇಳುವ ಜಾಗ. 'ಏಕೆ'ಗೆ ಬಂದ ಉತ್ತರಕ್ಕೇ ಮತ್ತೆ ಏಕೆ ಎಂದು ಕೇಳುತ್ತಾ ಬೇರಿಗೆ ಇಳಿಯಬೇಕು, ಅದು ಅವರ ಕ್ರಮ. ಗಡಿಯಾರ ಹಿಂದೆ ಹೋದದ್ದು ನಾನು ಬೇರೆ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪ್ ಓಡಿಸಿದ್ದರಿಂದ. ಅದರಲ್ಲಿ ಓಡಿಸಿದ್ದು ಇದ್ದದ್ದರಲ್ಲಿ ನನಗೆ ಪ್ರವೇಶ ಇಲ್ಲದ್ದರಿಂದ. ಪ್ರವೇಶ ಇಲ್ಲದ್ದು ನಾನು ಒಮ್ಮೆ ತಪ್ಪು ಒತ್ತಿದ್ದರಿಂದ, ಮತ್ತು ಆ ಮೇಲೆ ಸುಮ್ಮನಿದ್ದುದರಿಂದ. ನಾಲ್ಕನೆಯದರಲ್ಲಿ ಬರೆದೆ: ಸುಮ್ಮನಿರದೆ ನೋಡಿದಾಗ ಏಪ್ರಿಲ್ 10ಕ್ಕೆ ನನ್ನ ಹೆಸರಿನಲ್ಲಿ ಒಂದು ಪತ್ರ ಹೋಗಿರುವುದು ಕಂಡಿತು. ಅದು ಏಕೆ ಹೋಯಿತು ಎಂಬ ಐದನೆಯದಕ್ಕೆ ಉತ್ತರ ನನ್ನ ಬಳಿ ಇಲ್ಲ. ಬರೆದವರೇ ತುಂಬಬೇಕು ಎಂದು ಬಿಟ್ಟೆ.

ಲಿಯೋನೆಲ್ ಕನ್ನಡಕ ಹಾಕಿ, ಎದುರೇ ಕೂತು ಓದಿದ. ನಡುವೆ ಒಮ್ಮೆ ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ.

"ಆ ಬಸ್ಸಿನವರು ಹೇಗೆ ಬಿಡುತ್ತಾರೆ ಅಂತ ನಿನಗೆ ಗೊತ್ತಿಲ್ಲ ಡೈನಾ."

"ಹನ್ನೊಂದು ವರ್ಷ ಮಣಿಪಾಲಕ್ಕೆ ಹೋಗಿದ್ದೇನೆ. ಅದೇ ಬಸ್ಸು."

"ಆಗ ನಾನು ಇಲ್ಲಿರಲಿಲ್ಲ."

"ಇರಲಿಲ್ಲ."

"ಅಲ್ಲಿ ಡ್ಯೂಟಿ ಮಾಡುವಾಗ ದಿನಾ ಅದನ್ನೇ ಯೋಚಿಸುತ್ತಿದ್ದೆ. ನಾನೂರು ಜನರಿಗೆ ಹೆಲ್ಮೆಟ್ ಹಾಕಿಸುತ್ತೇನೆ, ಇವಳು ಎಲ್ಲಿ ನೇತಾಡುತ್ತಿದ್ದಾಳೋ ಅಂತ."

"ನೇತಾಡಲಿಲ್ಲ. ಕಂಡಕ್ಟರು ಸೀಟು ಹಿಡಿದಿಡುತ್ತಿದ್ದ. ಸೋಮವಾರ ಹತ್ತಕ್ಕೆ ಬರಲು ಹೇಳಿದ್ದಾರೆ. ಒರಿಜಿನಲ್ ಬೇಕು."

"ಒರಿಜಿನಲ್ ಮನೆಯಿಂದ ಹೊರಗೆ ಹೋಗಬಾರದು."

ಅದು ಪ್ರಮಾಣಪತ್ರಗಳ ಬಗ್ಗೆಯೇ ಹೇಳಿದ್ದು.

ಮೇ 31, ಭಾನುವಾರ

ರಿಪೋರ್ಟ್ ಎರಡು ದಿನ ಮೇಜಿನ ಮೇಲೆಯೇ ಇತ್ತು, ಮೇಲೊಂದು ಉಪ್ಪಿನ ಭರಣಿ. ಇವತ್ತು ಮಧ್ಯಾಹ್ನ ಐದನೆಯ ಸಾಲು ತುಂಬಿತ್ತು. ಅವನ ಕನ್ನಡ ಅಕ್ಷರ ಶಾಲೆಯ ಮಕ್ಕಳದ್ದರ ಹಾಗೆ ದುಂಡಗೆ, ಅಭ್ಯಾಸ ತಪ್ಪಿದೆ.

ಈ ಮನೆಯಲ್ಲಿ ನನಗೆ ಬೇರೆ ಕೆಲಸ ಇಲ್ಲ.

ಅಷ್ಟೇ. ಕೆಳಗೆ ಸಹಿ, ತಾರೀಕು. ಸರಿಪಡಿಸುವ ಕ್ರಮ ಎಂಬ ಜಾಗ ಖಾಲಿ. ನಾನು ಹಾಳೆಯನ್ನು ಎರಡು ಸಲ ಓದಿ ಮತ್ತೆ ಭರಣಿಯ ಕೆಳಗೆ ಇಟ್ಟೆ. ಅವನು ಅಂಗಳದಲ್ಲಿ ಮೆಟ್ಟಿಲಿಗೆ ಮರಳು ಕಾಗದ ಉಜ್ಜುತ್ತಿದ್ದ, ಮಳೆಗೆ ಜಾರದಿರಲೆಂದು. ಉಜ್ಜುವ ಸದ್ದು ನಿಂತರೆ ಒಳಗೆ ಬರುತ್ತಾನೆ ಎಂದು ಕಾದೆ. ನಿಲ್ಲಲಿಲ್ಲ.

ಸಂಜೆ ಚಹಾದ ಜೊತೆ ಬೆಂಕಿ ತಾಗದ ಚೀಲವನ್ನು ತಂದು ಮುಂದಿಟ್ಟ. ಅದರ ಮೇಲೆ ಕ್ಲಿಪ್ಪು ಹಾಕಿ ಒಂದು ಗೇಟುಪಾಸು. ಸೈಟಿನಿಂದ ಸಾಮಾನು ಹೊರಗೆ ಹೋಗುವಾಗ ಕೊಡುವಂಥದ್ದು. ವಸ್ತು: ಪ್ರಮಾಣಪತ್ರಗಳು, ಮೂರು. ಒಯ್ಯುವವರು: ಡೈನಾ. ಹಿಂತಿರುಗಿಸತಕ್ಕದ್ದು, ಹಿಂತಿರುಗಿಸಬೇಕಾಗಿಲ್ಲ ಎಂದು ಎರಡು ಚೌಕಗಳಲ್ಲಿ ಮೊದಲನೆಯದಕ್ಕೆ ಗುರುತು. ಹಿಂದೆ ಬರುವ ವೇಳೆ: ಜೂನ್ 1, ಸಂಜೆ ಆರು.

"ಸಹಿ ಹಾಕು" ಎಂದ.

ಹಾಕಿದೆ. ಅವನೂ ಹಾಕಿದ. ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದೆ, ಅವನು ಹೇಳದೆ ಕುಡಿದ.

ಜೂನ್ 1, ಸೋಮವಾರ

ಕಾರ್ಕಳ. ಶಾಲೆಯ ಲೈಬ್ರರಿಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ಮನೆಯಿಂದ ಹೊರಗೆ ತಂದದ್ದು ಇದೇ ಮೊದಲು. ಪಾಸಿನಲ್ಲಿ ಇದನ್ನು ಬರೆದಿರಲಿಲ್ಲ.

ಉಡುಪಿಯಲ್ಲಿ ಬಸ್ಸು ಸಿಕ್ಕಿತು. ಕಡಿಯಾಳಿ, ಮಣಿಪಾಲ. ಮಣಿಪಾಲದಲ್ಲಿ ಅಭ್ಯಾಸದಿಂದ ಎದ್ದು ನಿಂತೆ. "ಕಾರ್ಕಳದ ಟಿಕೆಟ್ ಅಲ್ವಾ ಅಕ್ಕ, ಕೂತ್ಕೊಳ್ಳಿ, ಇನ್ನೂ ಉಂಟು" ಎಂದ ಕಂಡಕ್ಟರು. ಹಿರಿಯಡ್ಕ ದಾಟಿದ ಮೇಲಿನ ತಿರುವುಗಳು ನಿಜವಾಗಿಯೂ ಕೆಂಪು. ಎದುರಿನ ಕಂಬಿ ಹಿಡಿದುಕೊಂಡಿದ್ದೆ. ನನಗೆ ಹೆದರಿಕೆಯಾಯಿತು, ಅದು ನನ್ನದೇ ಹೆದರಿಕೆಯಾಗಿತ್ತು.

ಹೆಡ್‌ಮಿಸ್ಟ್ರೆಸ್ ಹೆಸರು ಬೇಬಿ ಶೆಟ್ಟಿ. ಇಲ್ಲಿ ಎಲ್ಲರಿಗೂ ಬೇಬಿ ಟೀಚರು. ಐವತ್ತೆಂಟರ ಹತ್ತಿರ, ದೊಡ್ಡ ಸ್ವರ. ಪ್ರಮಾಣಪತ್ರಗಳನ್ನು ಚೀಲದಿಂದ ತೆಗೆಯುತ್ತಾ, "ಇದೆಂತದು, ಬಾಂಬು ತಂದಿದ್ದೀರಾ?" ಎಂದು ನಕ್ಕರು. ಹಾಜರಿ ಪುಸ್ತಕ ಮುಂದೆ ತಳ್ಳಿದರು. ಸಹಿ ಹಾಕಿದೆ, ಒಂಬತ್ತೂ ಐವತ್ತಕ್ಕೆ.

ಆಮೇಲೆ ಪ್ರತಿಗಳನ್ನು ಸೇರಿಸಲು ಫೈಲು ತೆರೆದರು. ಅದರಲ್ಲಿ ನನ್ನ ಏಪ್ರಿಲ್ 10ರ ಪತ್ರ, ಪ್ರಿಂಟು ಹಾಕಿ, ತೂತು ಹೊಡೆದು. ಅದರ ಮೇಲೆ ಇನ್ನೊಂದು, ಮೇ 25ರದ್ದು.

"ನಿಮ್ಮ ನಂತರದವರದ್ದು, ಭವ್ಯಶ್ರೀ ಅಂತ" ಎಂದರು ಬೇಬಿ ಟೀಚರು. "ನೋಡಿ, ಕೌಟುಂಬಿಕ ಕಾರಣಗಳಿಂದ ಅಂತೆ. ನೀವಿಬ್ಬರೂ ಒಂದೇ ಟ್ಯೂಷನ್ನಿಗೆ ಹೋದವರ ಹಾಗೆ ಬರ್ದಿದ್ದೀರಲ್ಲ ಮಾರಾಯ್ರೆ!"

"ಅವರು ಇಲ್ಲಿಗೆ ಬಂದಿದ್ದರಾ?"

"ಬಂದಿದ್ರು, ಮೇ ಹತ್ತಕ್ಕೋ ಏನೋ. ಎಂಥ ಖುಷಿ ಗೊತ್ತುಂಟಾ ಅವರಿಗೆ? ಕಪಾಟುಗಳನ್ನೆಲ್ಲ ಗೇಣಿನಲ್ಲಿ ಅಳೆದು ನೋಡಿ ಹೋದವರು. ಮತ್ತೆ ಇದ್ದಕ್ಕಿದ್ದ ಹಾಗೆ ಹೀಗೆ. ಫೋನು ಮಾಡಿದ್ರೆ ಗಂಡಸರೊಬ್ಬರು ಎತ್ತಿದ್ರು. ಅವಳಿಗೆ ಆಗುದಿಲ್ಲ ಅಂತ ಇಟ್ಟುಬಿಟ್ರು. ಇರ್ಲಿ, ನಿಮಗೆ ಯೋಗ ಇತ್ತು."

ಬೀಗದ ಕೈ ಕೊಟ್ಟು ಅವರು ಕ್ಲಾಸಿಗೆ ಹೋದರು. ಆರು ಕಪಾಟು, ಒಂದು ಮೇಜು, ಒಂದು ಕುರ್ಚಿ. ಡ್ರಾಯರಿನಲ್ಲಿ ಒಂದು ಕಾಗದ ಇದೆ. ಪೆನ್ಸಿಲಿನಲ್ಲಿ ಕಪಾಟುಗಳ ನಕಾಶೆ, ಯಾವುದು ಎಲ್ಲಿ ಎಂದು. ಸಣ್ಣ ಮಕ್ಕಳ ಪುಸ್ತಕಗಳನ್ನು ಕಿಟಕಿಯ ಕೆಳಗೆ, ಅವರ ಎತ್ತರಕ್ಕೆ ಸಿಗುವಂತೆ ಹಾಕಿದ್ದಾರೆ. ನಾನಾದರೂ ಅಲ್ಲೇ ಇಡುತ್ತಿದ್ದೆ.

ಭವ್ಯಶ್ರೀ, ನಿಮ್ಮನ್ನು ನಾನು ನೋಡಿಲ್ಲ. ನೀವು ಬಾರದ್ದರಿಂದ ನನಗೆ ಈ ಕುರ್ಚಿ ಸಿಕ್ಕಿತು. ಮೇ 25ರ ಆ ಪತ್ರವನ್ನು ಬರೆದವರು ನೀವೇನಾ?